ಬೇರುಕೊಳೆಯೂ ನೆಲದ ತೇವವೂ

ಕೊಳೆಯುವುದೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಒದ್ದೆ ನೆಲ. ಮಲೆನಾಡಿನ ಶುಂಠಿಯ ಮಟ್ಟಿಗೆ ಈ ಎಣಿಕೆ ಸರಿಯೇ. ಆದರೆ ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬೇರು ಕೊಳೆಯುವುದು ನೆಲ ಒಣಗಿ ಬಿರಿದಾಗ!

ಶುಂಠಿಯ ಗೆಡ್ಡೆಯನ್ನು ಕೊಳೆಯಿಸುವ ಪಿಥಿಯಮ್ ನೀರನ್ನು ನಂಬಿದ ಜೀವಿ. (ಇಂದಿನ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ತೆಗೆದು ಕಂದು ಪಾಚಿಗಳ ದೂರದ ಬಂಧುವೆಂದು ಎಣಿಸುತ್ತಾರೆ, ಅದರಿಂದ ರೈತನ ನಷ್ಟವೇನೂ ಕಡಮೆಯಾಗದು.) ಇದರ ಚರಬೀಜಕಗಳಿಗೆ ಎರಡೆರಡು ಕಶಾಂಗಗಳುಂಟು. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಅವು ಈಜುತ್ತ, ಬೇರು ಒಸರುವ ಸಕ್ಕರೆ, ಅಮೈನೋ ಆಮ್ಲಗಳ ಜಾಡು ಹಿಡಿದು ಬರುತ್ತವೆ. ಅದೇ ನೀರು ಗಾಳಿಯನ್ನು ಹೊರದೂಡಿ ಬೇರಿನ ಉಸಿರು ಕಟ್ಟಿಸಿರುತ್ತದೆ. ಏರುಮಡಿ ಕಟ್ಟಿ ಬಸಿಗಾಲುವೆ ತೆಗೆದರೆ ಈಜುವ ದಾರಿಯೇ ಕಡಿದುಹೋಗುತ್ತದೆ.

ಜೋಳಕ್ಕೆ ತಗಲುವ ಇದ್ದಿಲು ಕೊಳೆ ರೋಗಕ್ಕೆ ಕಾರಣ ಮ್ಯಾಕ್ರೊಫೊಮಿನ ಎಂಬ ಶಿಲೀಂಧ್ರ. ಕಾಳು ಕಟ್ಟುವ ಹೊತ್ತಿಗೆ ಗಿಡ ಬುಡದಲ್ಲಿ ಮುರಿದು ಬೀಳುತ್ತದೆ. ದಂಟನ್ನು ಸೀಳಿ ನೋಡಿದರೆ ಒಳಗಿನ ಬೆಂಡು ಎಳೆಎಳೆಯಾಗಿ, ಇದ್ದಿಲ ಪುಡಿ ಎರಚಿದಂತೆ ಕಾಣುತ್ತದೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಎಳೆಗಳು ಹೆಣೆದು ಗಟ್ಟಿಯಾದ ಗಂಟು. ಗಾತ್ರ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು. ಒಣ ನೆಲದಲ್ಲಿ ಇದು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು. ಒದ್ದೆ ನೆಲದಲ್ಲಿ ಬೇಗನೆ ಕ್ಷೀಣಿಸುತ್ತದೆ.

ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಬಿತ್ತಿದ ಹಿಂಗಾರಿ ಜೋಳವು ಮಳೆ ಹಿಂದೆಗೆದ ಮೇಲೆ ನೆಲದಲ್ಲಿ ಉಳಿದ ತೇವದಿಂದಲೇ ಬೆಳೆಯಬೇಕು. ಕಾಳು ಕಟ್ಟುವಾಗ ಆ ತೇವ ತೀರುತ್ತ ಬಂದಿರುತ್ತದೆ. ನೀರಿಲ್ಲದೆ ಎಲೆಗಳ ದ್ಯುತಿಸಂಶ್ಲೇಷಣೆ ಕುಂದುತ್ತದೆ. ತೆನೆಯ ಬೇಡಿಕೆಯಾದರೋ ಕುಂದದು. ಆಗ ಗಿಡವು ಕಾಂಡ, ಬೇರುಗಳ ಸಂಗ್ರಹವನ್ನೇ ಕಾಳಿಗೆ ಸಾಗಿಸುತ್ತದೆ. ಹೀಗೆ ಬರಿದಾದ ಬೇರಿಗೆ ಶತ್ರುವನ್ನು ತಡೆಯುವ ಶಕ್ತಿ ಎಲ್ಲಿಯದು? ನೆಲದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರಿತೆಂದರೆ ಶಿಲೀಂಧ್ರಕ್ಕೆ ಹಬ್ಬವೇ ಸರಿ.

ಆಳವಾದ ಎರೆಗಿಂತ, ನೀರನ್ನು ಹೆಚ್ಚು ಹಿಡಿದಿಡಲಾರದ ತೆಳುಮಣ್ಣಿನಲ್ಲಿ ಹಾನಿ ಹೆಚ್ಚು. ಒತ್ತಾಗಿ ಬಿತ್ತಿದರೆ ಇದ್ದಷ್ಟು ತೇವಕ್ಕೆ ಪಾಲುಗಾರರು ಹೆಚ್ಚುತ್ತಾರೆ. ಸಾರಜನಕ ಗೊಬ್ಬರ ಅತಿಯಾದರೆ ಎಲೆ ಸೊಂಪಾಗಿ ಬೆಳೆದು ನೀರನ್ನು ಮೊದಲೇ ಮುಗಿಸಿಬಿಡುತ್ತದೆ. ಕಣ್ಣಿಗೆ ಹುಲುಸಾಗಿ ಕಂಡ ಹೊಲವೇ ಕೊನೆಗೆ ನೆಲಕಚ್ಚುವುದೂ ಉಂಟು. ಗಿಡಗಳನ್ನು ತೆಳುಗೊಳಿಸುವುದು, ಎಡೆ ಹೊಡೆದು ಬಿರುಕು ಮುಚ್ಚುವುದು, ಅನುಕೂಲವಿದ್ದಲ್ಲಿ ಹೂ ಬಿಡುವ ಹೊತ್ತಿಗೆ ಒಂದು ನೀರು ಕೊಡುವುದು, ಇವೆಲ್ಲ ಬೇರಿನ ಬಳಿ ತೇವವನ್ನು ಇನ್ನಷ್ಟು ದಿನ ಉಳಿಸುವ ಉಪಾಯಗಳೇ. ರೋಗ ಬಿದ್ದ ಹೊಲದ ಕೂಳೆಯನ್ನು ಮಾತ್ರ ಹಾಗೆಯೇ ಬಿಡಬಾರದು. ಇದ್ದಿಲ ಪುಡಿ ಮುಂದಿನ ಬೆಳೆಗಾಗಿ ಕಾದಿರುವುದು ಅದರೊಳಗೆ.