ಮರದ ಧೂಳು ಎಳೆಯಲು ಯಾವ ಯಂತ್ರ?

ಮನೆಯ ಶೆಡ್ಡಿನಲ್ಲಿ ಮರಗೆಲಸ ಮಾಡುವವರ ಕಣ್ಣಿಗೆ ಮೊದಲು ಬೀಳುವುದು ನೆಲದ ಮೇಲಿನ ಹೊಟ್ಟು. ಅದು ಪೊರಕೆಗೆ ಸಿಗುತ್ತದೆ. ಎದೆಗೆ ಇಳಿಯುವುದು ಸ್ಯಾಂಡರ್ ಎಬ್ಬಿಸುವ ಹಿಟ್ಟಿನಂಥ ಧೂಳು. 10 ಮೈಕ್ರಾನ್‌ಗಿಂತ ಚಿಕ್ಕ ಈ ಕಣಗಳು ಕೆಲಸ ನಿಲ್ಲಿಸಿದ ಮೇಲೂ ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯ ಧೂಳು ಕೆಲವರ ಮೈಗೆ ಆಗದೆ ತುರಿಕೆ ಎಬ್ಬಿಸುತ್ತದೆ. ಎಂಡಿಎಫ್ ಧೂಳಿನಲ್ಲಿ ಅಂಟೂ ಬೆರೆತಿರುತ್ತದೆ.

ಕೊಳ್ಳಲು ಹೋದರೆ ಮುಖ್ಯವಾಗಿ ಎರಡು ಬಗೆ. ವ್ಯಾಕ್ಯೂಮ್ ಕ್ಲೀನರ್ ಸಣ್ಣ ಪೈಪಿನಲ್ಲಿ ಸ್ವಲ್ಪವೇ ಗಾಳಿಯನ್ನು ಬಲವಾಗಿ ಎಳೆಯುತ್ತದೆ. ಡಸ್ಟ್ ಕಲೆಕ್ಟರ್ 4 ಇಂಚಿನ ಪೈಪಿನಲ್ಲಿ ಬಹಳ ಗಾಳಿ ಎಳೆಯುತ್ತದೆ, ಆದರೆ ಅದರ ಸೆಳೆತ ಕಡಿಮೆ. ಸ್ಯಾಂಡರ್, ರೂಟರ್, ಜಿಗ್‌ಸಾಗಳ ಧೂಳು ಹೊರಬೀಳುವ ಬಾಯಿ ಚಿಕ್ಕದು. ಅವಕ್ಕೆ ವ್ಯಾಕ್ಯೂಮೇ ಸರಿ. ತಿಕ್‌ನೆಸ್ ಪ್ಲೇನರ್, ಟೇಬಲ್ ಸಾ ಇದ್ದರೆ ಕಲೆಕ್ಟರ್ ಬೇಕು. ಕಲೆಕ್ಟರಿಗೆ ಎರಡೂವರೆ ಇಂಚಿನ ಪೈಪು ಸಿಕ್ಕಿಸಿದರೆ ಮಾತ್ರ ಕೆಲಸ ಕೆಡುತ್ತದೆ. ಆ ಪೈಪಿನ ಬಾಯಿ 4 ಇಂಚಿನದರ ಶೇಕಡಾ 40ರಷ್ಟೂ ಇಲ್ಲ.

ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡಬೇಕು. 4 ಇಂಚಿನ ಪೈಪಿನಲ್ಲಿ ಅದು ಸುಮಾರು 350 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 350 ಘನ ಅಡಿ. ಡಬ್ಬದ ಮೇಲೆ ಇದರ ಎರಡು ಪಟ್ಟು ಬರೆದಿದ್ದರೂ ನಂಬಿ ಕೂರಬೇಡಿ. ಸಾಮಾನ್ಯವಾಗಿ ಆ ಅಂಕಿ ಪೈಪು, ಫಿಲ್ಟರ್ ಏನೂ ಇಲ್ಲದೆ ಅಳೆದದ್ದು. ಸುರುಳಿ ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಗಾಳಿ ಇಳಿಯುತ್ತದೆ. ಯಂತ್ರವನ್ನು ಗರಗಸದ ಹತ್ತಿರವೇ ಇಡಿ.

ನನ್ನ ಮಟ್ಟಿಗೆ ಮೋಟಾರಿಗಿಂತ ಫಿಲ್ಟರ್ ದೊಡ್ಡದು. ಅಗ್ಗದ ಬಟ್ಟೆಚೀಲ 30 ಮೈಕ್ರಾನ್‌ನದಾಗಿದ್ದರೆ ಹೊಟ್ಟನ್ನು ಹಿಡಿದು, ನುಣ್ಣನೆಯದನ್ನು ಮತ್ತೆ ಕೋಣೆಗೇ ಊದುತ್ತದೆ. 1 ಮೈಕ್ರಾನ್ ಅಥವಾ ಅದಕ್ಕೂ ನಯವಾದ ಫಿಲ್ಟರ್ ಕೇಳಿ, ವ್ಯಾಕ್ಯೂಮಾದರೆ ಹೆಪಾ. ಪರೀಕ್ಷೆ ಸುಲಭ. ರಾತ್ರಿ ದೀಪ ಆರಿಸಿ, ಯಂತ್ರ ಓಡುವಾಗ ಫಿಲ್ಟರಿನ ಪಕ್ಕಕ್ಕೆ ಅಡ್ಡಲಾಗಿ ಟಾರ್ಚ್ ಬಿಡಿ. ಸೋರುತ್ತಿದ್ದರೆ ಬೆಳಕಿನಲ್ಲಿ ಹೊಗೆಯಂತೆ ಕಾಣುತ್ತದೆ. ಹೊರಗೆ ಊದಿಬಿಟ್ಟರೆ ಫಿಲ್ಟರೇ ಬೇಡ ಎನ್ನುವವರಿದ್ದಾರೆ. ಗೋಡೆಗೆ ಗೋಡೆ ತಾಗಿದ ನಮ್ಮ ಬಡಾವಣೆಗಳಲ್ಲಿ ಆ ಧೂಳು ಪಕ್ಕದ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ.

ಶುರು ಮಾಡುವವರಿಗೆ ಒಳ್ಳೆಯ ವ್ಯಾಕ್ಯೂಮ್, ಅದರ ಮುಂದೆ ಗಟ್ಟಿ ಬಕೆಟ್ ಮೇಲೆ ಕೂರುವ ಸಣ್ಣ ಸೈಕ್ಲೋನ್ ಸಾಕು. ಗಾಳಿ ಅದರೊಳಗೆ ಸುತ್ತುವಾಗ ಹೊಟ್ಟು ಬಕೆಟ್ಟಿಗೆ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ತೆಳು ಬಕೆಟ್ ಆದರೆ ಸೆಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ಇಷ್ಟೆಲ್ಲ ಇದ್ದರೂ ಸ್ಯಾಂಡಿಂಗ್ ಮಾಡುವಾಗ ಎನ್95 ಮಾಸ್ಕ್ ಬಿಡಬೇಡಿ.

ಕಲೆಕ್ಟರಿಗೂ ಗರಗಸಕ್ಕೂ ಬೇರೆ ಬೇರೆ ಲೈನಿನ, ಅರ್ತಿಂಗ್ ಸರಿಯಿರುವ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಕಬ್ಬಿಣ ಉಜ್ಜುವ ಗ್ರೈಂಡರನ್ನು ಈ ಪೈಪಿಗೆ ಸೇರಿಸಲೇಬೇಡಿ. ಒಳಗೆ ಹೋದ ಕಿಡಿ ಹೊಟ್ಟಿನಲ್ಲಿ ಸದ್ದಿಲ್ಲದೆ ಕನಲುತ್ತಾ ಇದ್ದು, ನೀವು ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು.