ಪಿಯಾನೋ ವಾದ್ಯದಲ್ಲಿ ಧ್ಯಾನ

ಪಿಯಾನೋ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪಾಶ್ಚಾತ್ಯರ ಸಭಾಭವನ, ಮಿಂಚಿನಂತೆ ಓಡುವ ಬೆರಳುಗಳು, ಕೊನೆಗೆ ಕರತಾಡನ. ಆದರೆ ಮೆಚ್ಚುಗೆಯನ್ನು ಬಯಸದೆ, ಕೇಳುವವನನ್ನು ಎಚ್ಚರಗೊಳಿಸುವುದಕ್ಕಾಗಿಯೇ ಹುಟ್ಟಿದ ಪಿಯಾನೋ ಸಂಗೀತವೂ ಒಂದುಂಟು. ಗುರ್ಜೀಫ್ ಎಂಬ ಗುರುವೂ ಥಾಮಸ್ ಡಿ ಹಾರ್ಟ್‌ಮನ್ ಎಂಬ ಶಿಷ್ಯನೂ ಕೂಡಿ ರಚಿಸಿದ ಕೃತಿಗಳೇ ಅವು.

ಗುರ್ಜೀಫರು ಹುಟ್ಟಿದುದು ಆರ್ಮೇನಿಯ ದೇಶದಲ್ಲಿ, ಈಗ ಗ್ಯುಮ್ರಿ ಎನಿಸಿಕೊಂಡಿರುವ ಊರಿನಲ್ಲಿ. ಅವರ ತಂದೆ ಪುರಾತನ ಕಥೆಗಳನ್ನು ಹಾಡಿ ಹೇಳುತ್ತಿದ್ದ ಗಾಯಕ. ಮನುಷ್ಯನು ಎದ್ದು ಓಡಾಡುತ್ತಿರುವಾಗಲೂ ಒಂದು ಬಗೆಯ ನಿದ್ರೆಯಲ್ಲಿಯೇ ಇರುತ್ತಾನೆ. ತನ್ನ ಇರವನ್ನು ತಾನು ನೆನೆಯುವುದೇ ನಿಜವಾದ ಎಚ್ಚರ. ಇದು ಅವರ ಬೋಧೆಯ ಸಾರ. ಡಿ ಹಾರ್ಟ್‌ಮನ್ ಉಕ್ರೇನಿನಲ್ಲಿ ಹುಟ್ಟಿ ರಷ್ಯದಲ್ಲಿ ಹೆಸರು ಗಳಿಸಿದ್ದ ಸಂಗೀತರಚನಕಾರರು. 1916ರಲ್ಲಿ ಗುರುವನ್ನು ಕಂಡರು; ಕ್ರಾಂತಿಯ ದಿನಗಳಲ್ಲಿ ಮನೆಮಾರು ತೊರೆದು ಅವರೊಡನೆ ಕಾಕಸಸ್, ಕಾನ್‌ಸ್ಟಾಂಟಿನೋಪಲ್‌ಗಳನ್ನು ದಾಟಿ ಫ್ರಾನ್ಸನ್ನು ಸೇರಿದರು.

ಅಲ್ಲಿ, ಫಾಂಟೆನ್‌ಬ್ಲೋ ಬಳಿಯ ಆಶ್ರಮದಲ್ಲಿ, 1925ರಿಂದ 1927ರವರೆಗೆ ಈ ಕೃತಿಗಳಲ್ಲಿ ಬಹುಪಾಲು ಮೂಡಿದವು. ಗುರ್ಜೀಫರು ಶಿಳ್ಳೆಯಿಂದಲೋ ಒಂದೇ ಬೆರಳಿನಿಂದಲೋ ಪೂರ್ವದೇಶಗಳ ಧಾಟಿಯೊಂದನ್ನು ನುಡಿಸುವರು. ಶಿಷ್ಯನು ಅವಸರದಿಂದ ಬರೆದುಕೊಂಡು ಅದಕ್ಕೆ ಸ್ವರಸಂಯೋಜನೆ ಮಾಡಬೇಕು.

ಇಲ್ಲಿಯೇ ತೊಡಕು. ಪಿಯಾನೋವಿನ ಸ್ವರಗಳು ಬಿಗಿದಿಟ್ಟವು. ಎರಡು ಮನೆಗಳ ನಡುವೆ ಜಾರುವ ದಾರಿಯಿಲ್ಲ. ಈ ಕೊರತೆ ನಮಗೆ ಹೊಸದೇನಲ್ಲ. ಗಮಕಕ್ಕೆ ಒಗ್ಗದು ಎಂಬ ಇಂತಹುದೇ ಆಕ್ಷೇಪದಿಂದ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿತ್ತಷ್ಟೆ. ಡಿ ಹಾರ್ಟ್‌ಮನ್ನರು ಈ ಇಕ್ಕಟ್ಟಿನಲ್ಲಿಯೇ ದಾರಿ ಕಂಡುಕೊಂಡರು. ಅನೇಕ ಕೃತಿಗಳಲ್ಲಿ ಎಡಗೈ ತಂಬೂರಿಯ ಶ್ರುತಿಯಂತೆ ಮಂದ್ರಸ್ವರವೊಂದನ್ನು ಹಿಡಿದಿರುತ್ತದೆ. ಬಲಗೈಯ ರಾಗ ಸಣ್ಣ ಸಣ್ಣ ಅನುಸ್ವರಗಳನ್ನು ಮುಟ್ಟುತ್ತ ನಿಧಾನವಾಗಿ ನಡೆಯುತ್ತದೆ. ಸ್ವರಗಳ ದಟ್ಟಣೆಯಿಲ್ಲ. ಮೀಟಿದ ನಾದ ಕ್ಷೀಣಿಸುತ್ತ ಹೋದಂತೆ ಕಿವಿ ಅದನ್ನು ಹಿಂಬಾಲಿಸಬೇಕಾಗುತ್ತದೆ. ಆ ಹಿಂಬಾಲಿಸುವಿಕೆಯೇ ಧ್ಯಾನವೆಂದು ನನ್ನ ಭಾವನೆ. ಮನಸ್ಸು ಬೇರೆಡೆಗೆ ಹರಿದರೆ ಸಂಗೀತ ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ. ನಮ್ಮ ನಿದ್ರೆ ನಮಗೇ ಗೊತ್ತಾಗುತ್ತದೆ.

1929ರಲ್ಲಿ ಗುರುಶಿಷ್ಯರು ಅಗಲಿದರು. ಮತ್ತೆ ಕೂಡಲಿಲ್ಲ. ಗುರ್ಜೀಫರು 1949ರಲ್ಲಿಯೂ ಡಿ ಹಾರ್ಟ್‌ಮನ್ನರು 1956ರಲ್ಲಿಯೂ ತೀರಿಕೊಂಡರು. ಆದರೆ ಕೃತಿಗಳು ಉಳಿದವು. 1980ರಲ್ಲಿ ಅಮೆರಿಕದ ಕೀತ್ ಜಾರೆಟ್ ಅವುಗಳಲ್ಲಿ ಕೆಲವನ್ನು ನುಡಿಸಿ ಧ್ವನಿಮುದ್ರಿಸಿದರು. ಆರ್ಮೇನಿಯದ ಲೆವೋನ್ ಎಸ್ಕೆನಿಯನ್ ಅವರ ವೃಂದವು 2011ರಲ್ಲಿ ಹೊರತಂದ ಮುದ್ರಿಕೆಯಲ್ಲಿ ಅವೇ ಧಾಟಿಗಳು ದುದುಕ್ ಎಂಬ ಊದುವಾದ್ಯಕ್ಕೂ ಕಾನುನ್ ಎಂಬ ತಂತಿವಾದ್ಯಕ್ಕೂ ಮರಳಿವೆ. ಪಿಯಾನೋ ನುಡಿಯಲಾರದೆ ಬರಿದೆ ಸೂಚಿಸಿದ್ದ ಜಾರುಗಳು ಅಲ್ಲಿ ಬಾಯಿಬಿಟ್ಟು ಹಾಡುತ್ತವೆ.

ಎರಡನ್ನೂ ಕೇಳಿ ನೋಡಬೇಕು. ವಾದ್ಯವು ಹೇಳದೆ ಬಿಟ್ಟುದನ್ನು ಕೇಳುಗನ ಗಮನವೇ ತುಂಬಬೇಕಾದ ಕಡೆ, ಬಡ ವಾದ್ಯವೂ ಗುರುವಾಗಬಲ್ಲುದು.