ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್: ಹಸಿ ಗಾರೆಯಲ್ಲಿ ಉಳಿದ ಬಣ್ಣ

ಕ್ರೈಸ್ತರ ಆರಾಧನಾ ಸ್ಥಳಗಳನ್ನೆಲ್ಲ ಚರ್ಚ್ ಎಂದೇ ಕರೆಯುವ ರೂಢಿ ಕನ್ನಡದಲ್ಲಿದ್ದರೂ, ಒಂದು ಊರಿನ ಭಕ್ತರೆಲ್ಲರಿಗೆ ಸೇರಿದ ಚರ್ಚಿಗೂ ಕಾಲೇಜು, ಆಸ್ಪತ್ರೆಗಳಂಥ ಸಂಸ್ಥೆಯೊಂದರ ಆವರಣದೊಳಗೆ ಅಲ್ಲಿನವರ ಪ್ರಾರ್ಥನೆಗೆಂದು ಕಟ್ಟಿದ ಚಾಪೆಲ್ ಅಥವಾ ಪ್ರಾರ್ಥನಾಲಯಕ್ಕೂ ವ್ಯತ್ಯಾಸವುಂಟು. ಕರ್ನಾಟಕದಲ್ಲಿರುವ ವಸಾಹತು ಕಾಲದ ಚಾಪೆಲ್‌ಗಳಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನದು ಬಹು ಪ್ರಸಿದ್ಧವಾದುದು.

ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1878ರ ಕೊನೆಗೆ, ಯೇಸುಸಭೆ ಎಂಬ ಕಥೋಲಿಕ ಸಂನ್ಯಾಸಿ ಸಂಘಕ್ಕೆ ಸೇರಿದ ಇಟಲಿಯ ಪಾದ್ರಿಗಳು ಈ ಊರಿಗೆ ಬಂದು, 1880ರಲ್ಲಿ ಕಾಲೇಜನ್ನು ಆರಂಭಿಸಿದರು. ಲೋಬೊ ಪ್ರಭು ಮನೆತನದವರು ದಾನವಾಗಿತ್ತ ಗುಡ್ಡದ ಮೇಲೆ ಆ ದಶಕದಲ್ಲೇ ಕಾಲೇಜು ಕಟ್ಟಡವೂ ಚಾಪೆಲ್ಲೂ ಎದ್ದುನಿಂತವು. ಹೊರಗಿನಿಂದ ನೋಡುವವರಿಗೆ ಆಡಂಬರವಿಲ್ಲದಂತೆ ಕಾಣುವ ಈ ಕಟ್ಟಡದ ಒಳಗೆ ಬಲಿಪೀಠದವರೆಗೆ ಚಾಚಿದ ಉದ್ದನೆಯ ಸಭಾಂಗಣ, ಅದರ ಇಬ್ಬದಿಗೆ ಕಮಾನುಗಳ ಸಾಲು, ಮೇಲೆ ಓರೆಯಾಗಿ ಏರುವ ಒಳಮಾಡು ಇವೆ. ಚಿತ್ರಕಾರನಿಗೆ ಬೇಕಾದ ವಿಶಾಲವಾದ ಮೈಯನ್ನು ಒದಗಿಸಿದ್ದು ಈ ಸರಳ ರಚನೆಯೇ.

ಆ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ನಗರದ ಬಳಿಯ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತ ಅವರು ಯೇಸುಸಭೆಯಲ್ಲಿ ಬ್ರದರ್, ಅಂದರೆ ಗುರುದೀಕ್ಷೆಯಿಲ್ಲದೆ ಕೈಕೆಲಸದಿಂದಲೇ ಸಭೆಯ ಸೇವೆ ಮಾಡುವ ಸಹೋದರರಾಗಿದ್ದರು. 1899ರಿಂದ 1901ರವರೆಗೆ ಅವರು ಇಲ್ಲಿನ ಗೋಡೆಗಳ ಮೇಲೆ ಫ್ರೆಸ್ಕೊ ವಿಧಾನದಲ್ಲಿಯೂ ಒಳಮಾಡಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿಯೂ ಚಿತ್ರಗಳನ್ನು ಬರೆದರು.

ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆಯುವ ಚಿತ್ರ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಗೋಡೆಗೆ ಸವರಿ, ಅದು ಆರುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದರೆ, ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಿನಂತಾಗುವಾಗ ಬಣ್ಣದ ಕಣಗಳೂ ಅದರೊಳಗೆ ಸಿಕ್ಕಿಕೊಂಡು ಗೋಡೆಯದೇ ಭಾಗವಾಗುತ್ತವೆ. ಆದುದರಿಂದ ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಹಚ್ಚಬೇಕು. ಕೈತಪ್ಪಿದರೆ ಗಾರೆಯನ್ನೇ ಕೆರೆದು ಮತ್ತೆ ಆರಂಭಿಸಬೇಕು.

ಚಾಪೆಲ್ಲಿನ ಚಿತ್ರಗಳಲ್ಲಿ ಪ್ರೇಷಿತರು, ಎಂದರೆ ಯೇಸುವಿನ ನೇರ ಶಿಷ್ಯರು, ಮತ್ತು ಹಲವು ಸಂತರು ಇದ್ದರೂ, ಕಥೆಯ ನಡುವಿರುವವನು ಅಲೋಶಿಯಸ್ ಗೊನ್ಜಾಗ. ಇಟಲಿಯ ಜಹಗೀರುದಾರನೊಬ್ಬನ ಹಿರಿಯ ಮಗನಾಗಿ 1568ರಲ್ಲಿ ಜನಿಸಿದ ಈತ ಪಿತ್ರಾರ್ಜಿತದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕಕ್ಕೆ ತುತ್ತಾದವರ ಆರೈಕೆ ಮಾಡುತ್ತ ತಾನೂ ರೋಗ ತಗುಲಿ 1591ರಲ್ಲಿ, 23ನೆಯ ವಯಸ್ಸಿನಲ್ಲಿ, ತೀರಿಕೊಂಡ. ಕೆಳಗೆ ಕುಳಿತು ಪ್ರಾರ್ಥಿಸುವ ವಿದ್ಯಾರ್ಥಿಗಳು ತಲೆಯೆತ್ತಿದರೆ ಕಾಣುವುದು ಹೆಚ್ಚುಕಡಿಮೆ ತಮ್ಮದೇ ವಯಸ್ಸಿನವನೊಬ್ಬನ ಬದುಕು. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿರುವ ಸೀಬಿಯ ನರಸಿಂಹಸ್ವಾಮಿ ದೇವಾಲಯದ ಮಂಟಪದಲ್ಲಿಯೂ ಪುರಾಣಕಥೆಗಳು ಹೀಗೆಯೇ ಮಾಳಿಗೆಯ ಒಳಮೈಯಲ್ಲಿ ಮೂಡಿವೆ. ಓದು ಬಾರದವರಿಗೂ ಕಥೆ ತಲುಪಬೇಕೆಂಬ ಆಶಯ ಎರಡೂ ಕಡೆ ಒಂದೇ.

ಮೈಕೆಲ್ಯಾಂಜೆಲೊ ಚಿತ್ರಿಸಿದ ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್ಲಿಗೆ ಇದನ್ನು ಹೋಲಿಸುವುದು ವಾಡಿಕೆ. ಆದರೆ ಇದರ ಹಿರಿಮೆಯನ್ನು ಅಳೆಯಲು ಆ ಹೋಲಿಕೆಗಿಂತ ಕರಾವಳಿಯ ಮಳೆಗಾಲವನ್ನು ನೆನೆಯುವುದು ಮೇಲು. ಗೋಡೆಯೊಡನೆ ಒಂದಾದ ಬಣ್ಣವು ಗೋಡೆಗೆ ತಟ್ಟಿದ ತೇವವನ್ನೂ ತಾನೇ ಉಣ್ಣಬೇಕಾಗುತ್ತದೆ. 1991ರಿಂದ 1994ರವರೆಗೆ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ತಜ್ಞರು ಇಲ್ಲಿನ ಚಿತ್ರಗಳ ಸಂರಕ್ಷಣಾ ಕಾರ್ಯವನ್ನು ನಡೆಸಿದರು. ಇಂಥ ಕಟ್ಟಡದಲ್ಲಿ ಚಿತ್ರವನ್ನು ಕಾಪಾಡುವ ಕೆಲಸ ಕುಂಚದಿಂದಲ್ಲ, ಸೂರಿನಿಂದ ಮೊದಲಾಗುತ್ತದೆ. ಮಳೆಗಾಲಕ್ಕೆ ಮುನ್ನ ಒಡೆದ ಹೆಂಚನ್ನು ಬದಲಿಸುವವನೂ ಮೊಸ್ಕೇನಿಯ ಕೆಲಸವನ್ನು ಮುಂದುವರಿಸುವವನೇ.